ಹಲ್ಲೆಣಿಸದೆ ತಂದ ಎಮ್ಮೆ

ನನಗೊಂದು ಪಿಕಪ್ ಗಾಡಿ ಬೇಕು ಅಂತ ಯಾವ ಗಳಿಗೆಯಲ್ಲಿ ಅನ್ನಿಸಿತೋ ಗೊತ್ತಿಲ್ಲ. ಹೊತ್ತು ತಿರುಗಲು ಒಂದು ಊಟದ ಡಬ್ಬಿ, ಒಂದು ಛತ್ರಿ ಬಿಟ್ಟರೆ ನನ್ನ ಹತ್ತಿರ ಬೇರೆ ಸರಕಿರಲಿಲ್ಲ. ಆದರೂ ಮುಂದೆ ಕ್ಯಾಬು, ಹಿಂದೆ ತೆರೆದ ತೊಟ್ಟಿ ಇರುವ ಎತ್ತರದ ಡೀಸೆಲ್ ಗಾಡಿಯಲ್ಲಿ ಯಾರಾದರೂ ಮೊಣಕೈ ಹೊರಗಿಟ್ಟುಕೊಂಡು ಹೋದರೆ, ಅವರಿಗೆ ಬಹಳ ಮುಖ್ಯವಾದ ಕೆಲಸವಿದೆ, ನನಗೆ ಇಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

“ಅದರಲ್ಲಿ ಏನು ತುಂಬ್ಕೊಂಡು ಬರ್ತೀರಿ?” ಅಂದಳು ಹೆಂಡತಿ.

“ಏನು ಬೇಕಾದ್ರೂ ತುಂಬಬಹುದು ಕಣೇ. ಒಂದು ಟನ್ ಹೊರುತ್ತೆ.”

“ಅದು ಹೊರುತ್ತೆ ಸರಿ. ಹೊರಿಸೋಕೆ ನಮ್ಮ ಹತ್ರ ಏನಿದೆ ಅಂತ ಕೇಳಿದ್ದು.”

ಈ ಪ್ರಶ್ನೆಗೆ ಆಗ ಉತ್ತರ ಇರಲಿಲ್ಲ. ಸಿಕ್ಕಿದ್ದು ಎಂಟು ತಿಂಗಳ ಮೇಲೆ. ಅದನ್ನು ಆಮೇಲೆ ಹೇಳುತ್ತೇನೆ.

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತ ಗಾದೆ. ನಾನು ದುಡ್ಡು ಕೊಟ್ಟು ತರುವವನು, ಎಣಿಸಿಯೇ ತರುತ್ತೇನೆ ಅಂತ ಹಟ ಹಿಡಿದು, ಮೂರು ವಾರ ರಾತ್ರಿ ನಿದ್ದೆಗೆಟ್ಟು ನಲವತ್ತಮೂರು ಅಂಶಗಳ ಪಟ್ಟಿ ತಯಾರಿಸಿದೆ. ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ ಅಂತ ಮನೆಯಲ್ಲಿ ಹೇಳಿದರು. ನಲವತ್ತಮೂರು ಅಂಶ ಗೊತ್ತಿರುವವನಿಗೆ ಇನ್ನೊಬ್ಬ ಗೊತ್ತಿರುವವನು ಯಾಕೆ? ಒಬ್ಬನೇ ಹೊರಟೆ. ಜೇಬಿನಲ್ಲಿ ಪಟ್ಟಿ, ಟಾರ್ಚು, ಬಟ್ಟೆಯಲ್ಲಿ ಸುತ್ತಿದ ಒಂದು ಆಯಸ್ಕಾಂತ.

ಆಯಸ್ಕಾಂತದ ವಿಚಾರ ಹೀಗೆ: ಗುದ್ದಿಸಿಕೊಂಡ ಗಾಡಿಗೆ ತಗ್ಗು ಬಿದ್ದ ಕಡೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ತಗಡಿದ್ದಲ್ಲಿ ಆಯಸ್ಕಾಂತ ಕಚ್ಚಿಕೊಳ್ಳುತ್ತದೆ, ದಪ್ಪಗೆ ಪುಟ್ಟಿ ಇದ್ದಲ್ಲಿ ಜಾರಿ ಬೀಳುತ್ತದೆ. ನಾನು ಶುರು ಮಾಡಿದ್ದೇ ಮುಂದಿನ ಬಂಪರಿನಿಂದ. ಆಯಸ್ಕಾಂತ ಜಾರಿ ಬಿತ್ತು. ಇನ್ನೊಂದು ಮೂಲೆಗೆ ಹಿಡಿದೆ, ಅಲ್ಲೂ ಬಿತ್ತು. ಈ ತುದಿಯಿಂದ ಆ ತುದಿಯವರೆಗೆ ಬರೀ ಪುಟ್ಟಿ! ಕಳ್ಳನನ್ನು ಹಿಡಿದ ದನಿಯಲ್ಲಿ, “ಏನ್ರೀ ಇದು, ಮುಂಭಾಗ ಪೂರ್ತಿ ಹೋಗಿತ್ತಾ?” ಅಂದೆ. ಗಾಡಿಯ ಮಾಲೀಕರು ವಯಸ್ಸಾದವರು, ಸಂಭಾವಿತರು. ಅತ್ತಿತ್ತ ನೋಡಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು: “ಅದು ಪ್ಲಾಸ್ಟಿಕ್ಕು.”

ಈ ಸಂಗತಿಯನ್ನು ಮನೆಯಲ್ಲಿ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಅಲ್ಲಿಂದ ಮುಂದೆ ನನ್ನ ಗಂಟಲು ಏಳಲೇ ಇಲ್ಲ. ಪಟ್ಟಿಯ ಮೊದಲನೆಯ ಅಂಶ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದದ್ದು, ‘ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡುವುದು’ ಅಂತಿತ್ತು. ಮಾಲೀಕರು, “ನೀವು ಬರ್ತೀರಿ ಅಂತ ಈಗ ತಾನೇ ಒಂದು ರೌಂಡ್ ಹೊಡ್ಕೊಂಡು ಬಂದೆ, ರೆಡಿ ಇದೆ ನೋಡಿ” ಅಂದರು. ನಾನು ಥ್ಯಾಂಕ್ಸ್ ಹೇಳಿದೆ. ಬಾನೆಟ್ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ಕೀಲಿ ತಿರುಗಿಸಿದ ಅರೆ ಕ್ಷಣಕ್ಕೆ ಗುರ್ ಅಂತ ಎದ್ದಿತು. ಸಂತೋಷದಿಂದ ಟಿಕ್ ಹಾಕಿದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹಚ್ಚಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ಲಿಗೆ ಅದಿಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಹದಿನೈದರಿಂದ ಇಪ್ಪತ್ತು ಪಟ್ಟು ಅದುಮಿದಾಗ ಆ ಗಾಳಿಯೇ ಐನೂರು ಡಿಗ್ರಿ ದಾಟಿ ಕಾಯುತ್ತದೆ, ಅದರ ಮೇಲೆ ಚಿಮುಕಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದರೆ ಈ ಶಾಖವನ್ನು ಸುತ್ತಲಿನ ಲೋಹ ಹೀರಿಬಿಡುತ್ತದೆ. ಆಗ ಕೈ ಹಿಡಿಯಲು ಗ್ಲೋ ಪ್ಲಗ್ ಅನ್ನುವ ಪುಟ್ಟ ಹೀಟರುಗಳಿವೆ. ಅವು ಕೆಟ್ಟಿದ್ದರೂ, ಎಂಜಿನ್ನಿನ ಕಂಪ್ರೆಷನ್, ಅಂದರೆ ಗಾಳಿ ಅದುಮುವ ಕಸುವು, ಕುಗ್ಗಿದ್ದರೂ, ಕಾದ ಎಂಜಿನ್ ಅದನ್ನೆಲ್ಲ ಮುಚ್ಚಿಟ್ಟು ನಗುನಗುತ್ತಾ ಎದ್ದೇಳುತ್ತದೆ. ಇದಿಷ್ಟೂ ನನ್ನ ಪಟ್ಟಿಯಲ್ಲೇ, ನನ್ನ ಕೈಬರಹದಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ನಮ್ಮ ಮನೆ ಮುಂದೆ ಅದು ಮೊದಲ ಸಲ ತಣ್ಣಗೆ ನಿಂತಿತ್ತು. ಸೆಲ್ಫ್ ಹೊಡೆದೆ. ಕರ್ರ್ ಕರ್ರ್ ಅಂತ ಐದಾರು ಸಲ ನರಳಿ, ಮೈ ಕೊಡವಿ, ಕೊನೆಗೆ ಎದ್ದಿತು. ಹಿಂದಿನಿಂದ ಬಂದ ಬಿಳಿ ಹೊಗೆಯಲ್ಲಿ ಮೊದಲು ನಮ್ಮ ಗೇಟು ಮಾಯವಾಯಿತು, ಆಮೇಲೆ ಎದುರುಮನೆ. ಆ ಹೊಗೆಯೊಳಗಿಂದ ಯಾರೋ ಕೆಮ್ಮಿದ್ದು ಕೇಳಿಸಿತು, ಯಾರೆಂದು ಕಾಣಲಿಲ್ಲ. ಹೊಗೆಯ ಬಣ್ಣದ ಪಾಠವೂ ನನ್ನ ಪಟ್ಟಿಯಲ್ಲಿತ್ತು: ಕಪ್ಪಾದರೆ ಗಾಳಿ ಸಾಲದೆ ಡೀಸೆಲ್ ಅರೆಬೆಂದಿದೆ, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಡೀಸೆಲ್ ಉರಿಯದೆ ಆವಿಯಾಗಿ ಬರುತ್ತಿದೆ ಇಲ್ಲವೇ ಎಂಜಿನ್ ತಣಿಸುವ ಕೂಲೆಂಟ್ ಒಳಗೆ ಸೋರುತ್ತಿದೆ. ಹೆಂಡತಿ ಹೊರಗೆ ಬಂದು, ಒಣಹಾಕಿದ್ದ ಸೀರೆಯನ್ನು ಮೂಸಿ ನೋಡಿ, ಏನೂ ಮಾತಾಡದೆ ಒಳಗೆ ಹೋದಳು. ಆ ಸೀರೆ ಎರಡು ಸಲ ಒಗೆದರೂ ಪೆಟ್ರೋಲ್ ಬಂಕಿನ ವಾಸನೆ ಬಿಡಲಿಲ್ಲ.

ಅವತ್ತೇ ಮೆಕ್ಯಾನಿಕ್ ಹತ್ತಿರ ಒಯ್ದೆ. ಆತ ಹುಡುಗ, ಮಾತು ಕಮ್ಮಿ. ಗಾಡಿಯನ್ನು ಒಂದು ಸುತ್ತು ಹಾಕಿ “ಹ್ಮ್” ಅಂದ. ಡಾಕ್ಟರ ಬಾಯಿಂದ, ಮೆಕ್ಯಾನಿಕ್ ಬಾಯಿಂದ ಬರುವ “ಹ್ಮ್” ಇದೆಯಲ್ಲ, ಅದಕ್ಕಿಂತ ದುಬಾರಿ ಅಕ್ಷರ ಭಾಷೆಯಲ್ಲಿ ಇನ್ನೊಂದಿಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು, ತೂತಿನ ಮೇಲೆ ಬೋರಲಾಗಿ ಇಟ್ಟ. ಪಿಸ್ಟನ್ ರಿಂಗು ಸವೆದಿದ್ದರೆ ಉರಿದ ಗಾಳಿ ಕೆಳಗೆ ನುಗ್ಗಿ ಮುಚ್ಚಳವನ್ನು ಎತ್ತಿ ಎಸೆಯುತ್ತದಂತೆ. ನಮ್ಮದು ಎಸೆಯಲಿಲ್ಲ. ನಡುಗುತ್ತಾ ಕೂತಿತ್ತು.

“ಉಸಿರಾಡ್ತಿದೆ ಸಾರ್. ಇನ್ನೂ ಏದುಸಿರು ಬಂದಿಲ್ಲ.”

ಗ್ಲೋ ಪ್ಲಗ್ಗುಗಳಲ್ಲಿ ನಾಲ್ಕಕ್ಕೆ ಮೂರು ಸತ್ತಿದ್ದವು. ಹೊಗೆಗೆ ಅವೇ ಕಾರಣ ಅಂತ ಗೊತ್ತಾದಾಗ ನಾನು ಕುಣಿದಾಡುವುದೊಂದು ಬಾಕಿ. ಆತ ಮಾತ್ರ ಒಳಗೆ ಬಗ್ಗಿ ಕ್ಲಚ್ ಪೆಡಲ್ ನೋಡುತ್ತಿದ್ದ. ಮೀಟರಿನಲ್ಲಿ ಓಡಿದ್ದು ಕಮ್ಮಿ, ಪೆಡಲಿನ ರಬ್ಬರು ಮಾತ್ರ ಕೊನೆಯ ದಿನದ ಸೋಪಿನ ಚೂರಿನಂತೆ ನುಣ್ಣಗಾಗಿತ್ತು. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ರಬ್ಬರಿಗೆ ಸುಳ್ಳು ಹೇಳಲು ಬರುವುದಿಲ್ಲ. ಆಮೇಲೆ ಸ್ಟೆಪ್ನಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮ ಸ್ಟೆಪ್ನಿಯ ಮೇಲೆ 0912. ಅಂದರೆ 2012ನೇ ಇಸವಿಯ ಒಂಬತ್ತನೇ ವಾರ. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡದು, ಹುಟ್ಟಿದ ಮೇಲೆ ಒಮ್ಮೆಯೂ ನೆಲ ಮುಟ್ಟಿಲ್ಲ.

ಆತ ಒಂದು ಚೀಟಿಯಲ್ಲಿ ಆರು ಕೆಲಸ ಬರೆದುಕೊಟ್ಟ: ಗ್ಲೋ ಪ್ಲಗ್, ಡೀಸೆಲ್ ಫಿಲ್ಟರ್, ಬ್ರೇಕ್ ಆಯಿಲ್, ಬೆಲ್ಟು, ಕೂಲೆಂಟ್ ಹೋಸು, ಸ್ಟೆಪ್ನಿ. ನನ್ನ ಜೇಬಿನಲ್ಲೂ ಒಂದು ಚೀಟಿ ಇತ್ತು: ಎಲ್‌ಇಡಿ ಲೈಟು, ದೊಡ್ಡ ಟೈರು, ಗಟ್ಟಿ ಸ್ಪ್ರಿಂಗು, ತೊಟ್ಟಿಗೆ ಲೈನರು, ಕಾಲಿಡಲು ಮೆಟ್ಟಿಲು. ಅವನ ಚೀಟಿಯಲ್ಲಿದ್ದ ಒಂದೂ ಹೊರಗಿನಿಂದ ಕಾಣುವುದಿಲ್ಲ. ನನ್ನ ಚೀಟಿಯಲ್ಲಿದ್ದ ಎಲ್ಲವೂ ಹೊರಗಿನಿಂದ ಮಾತ್ರ ಕಾಣುವುದು. ಗ್ಲೋ ಪ್ಲಗ್ಗು ಅವನಿಗೆ ಬಿಟ್ಟೆ, ಸೀರೆಯ ಮುಲಾಜಿಗೆ. ಉಳಿದ ಚಿಲ್ಲರೆ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಅಂದೆ. ಆತ ಮತ್ತೆ “ಹ್ಮ್” ಅಂದ.

ಮೊದಲು ಎಂಜಿನ್ ಆಯಿಲ್ ಬದಲಾಯಿಸಿದೆ. ಜೇನಿನ ಬಣ್ಣದ ಹೊಸ ಎಣ್ಣೆ. ಹತ್ತು ನಿಮಿಷ ಎಂಜಿನ್ ಓಡಿಸಿ, ಎಣ್ಣೆ ಅಳೆಯುವ ಡಿಪ್ ಸ್ಟಿಕ್ ಎಳೆದು ನೋಡಿದರೆ ಕಾಡಿಗೆ! ಮೋಸದ ಎಣ್ಣೆ ಕೊಟ್ಟಿದ್ದಾರೆ ಅಂತ ಅಂಗಡಿಯವರನ್ನು ಬೈದುಕೊಂಡು, ಬೇರೆ ಅಂಗಡಿಯಿಂದ ಇನ್ನೊಂದು ಡಬ್ಬ ತಂದು ಮತ್ತೆ ಬದಲಾಯಿಸಿದೆ. ಮತ್ತೆ ಕಾಡಿಗೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಮೊದಲ ಸಲ ಆತ ನಕ್ಕದ್ದು ಕೇಳಿಸಿತು. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಹುಟ್ಟುತ್ತಲೇ ಇರುತ್ತದೆ, ಅದನ್ನು ಹೊತ್ತುಕೊಳ್ಳುವುದೇ ಎಣ್ಣೆಯ ಕೆಲಸ, ಕಪ್ಪಾಗದಿದ್ದರೇ ಹೆದರಬೇಕು ಅಂದ. ಚೊಕ್ಕವಾದ ಒಂದು ಡಬ್ಬ ಎಣ್ಣೆಯನ್ನು ಹತ್ತು ನಿಮಿಷ ಬಳಸಿ ತೆಗೆದ ಮಹಾನುಭಾವ ನಾನು.

ಫಿಲ್ಟರಿನ ಕಥೆ ಇದಕ್ಕಿಂತ ಉದ್ದ. ಭಾನುವಾರ ಮಧ್ಯಾಹ್ನ ಹಳೆಯ ಡೀಸೆಲ್ ಫಿಲ್ಟರ್ ಬಿಚ್ಚಿ, ಒಳಗಿದ್ದದ್ದನ್ನು ಗಾಜಿನ ಬಾಟಲಿಗೆ ಬಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಎರಡು ಪದರ: ಮೇಲೆ ಡೀಸೆಲ್, ತಳದಲ್ಲಿ ಎರಡು ಬೆರಳಷ್ಟು ನೀರು. ಎಂಜಿನ್ನಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರಿನ ತೂತುಗಳು ಕೂದಲೆಳೆಗಿಂತ ಸ್ವಲ್ಪವೇ ದಪ್ಪ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಈ ನೀರು ಅಲ್ಲಿಗೆ ತಲುಪುತ್ತಿತ್ತು. ಗಾಡಿಯ ಪ್ರಾಣ ಉಳಿಸಿದೆ ಅಂತ ಬಾಟಲಿಯನ್ನು ಮನೆಯವರಿಗೆಲ್ಲ ತೋರಿಸಿದೆ. ಹೊಸ ಫಿಲ್ಟರ್ ಕೂರಿಸಿ, ಅದರ ತಲೆಯ ಮೇಲಿದ್ದ ಕಪ್ಪು ರಬ್ಬರ್ ಗುಬ್ಬಿಯನ್ನು ಬಟ್ಟೆಯಿಂದ ಪ್ರೀತಿಯಿಂದ ಒರೆಸಿ, ಸೆಲ್ಫ್ ಹೊಡೆದೆ.

ಏಳಲಿಲ್ಲ. ಇನ್ನೊಮ್ಮೆ. ಇಲ್ಲ. ಹದಿನೈದು ಸಲ ಹೊಡೆದ ಮೇಲೆ ಬ್ಯಾಟರಿಯೂ ಟಕ್ ಟಕ್ ಅಂತ ಕೈಮುಗಿಯಿತು. ಪಕ್ಕದ ಮನೆಯ ಕಾರಿನಿಂದ ಕೇಬಲ್ ಎಳೆದು ಮತ್ತೆ ಹೊಡೆದೆ. ಸಂಜೆಯಾಯಿತು. 1893ರಲ್ಲಿ ಪೇಟೆಂಟ್ ಪಡೆದ ರುಡಾಲ್ಫ್ ಡೀಸೆಲ್‌ಗೇ ನೆಟ್ಟಗೆ ಓಡುವ ಎಂಜಿನ್ ತೋರಿಸಲು 1897 ಬರಬೇಕಾಯಿತು, ನನ್ನದಿನ್ನೂ ನಾಲ್ಕು ಗಂಟೆಯಷ್ಟೇ ಅಂತ ಸಮಾಧಾನ ಮಾಡಿಕೊಂಡೆ. ಹೆಂಡತಿಗೂ ಹೇಳಿದೆ. “ಅವರ ಹೆಂಡತಿ ಏನಂದ್ರಂತೆ?” ಅಂದಳು.

ಕೊನೆಗೆ ಮೆಕ್ಯಾನಿಕ್‌ಗೇ ಫೋನು.

“ಏರ್ ತೆಗೆದ್ರಾ ಸಾರ್?”

“ಯಾವ ಏರು?”

“ಖಾಲಿ ಫಿಲ್ಟರ್ ಹಾಕಿದ್ರೆ ಲೈನಿನಲ್ಲಿ ಗಾಳಿ ತುಂಬ್ಕೊಳ್ಳುತ್ತೆ. ಡೀಸೆಲ್ ಮುಂದೆ ಹೋಗಲ್ಲ. ಸೆಲ್ಫ್ ಹೊಡೀಬೇಡಿ, ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಒಣಗಿ ತಿರುಗಿದ್ರೆ ಪಂಪೇ ಹೋಗುತ್ತೆ. ಫಿಲ್ಟರ್ ತಲೆ ಮೇಲೆ ಕಪ್ಪಗೊಂದು ಗುಬ್ಬಿ ಇರುತ್ತೆ ನೋಡಿ. ಅದನ್ನ ಗಟ್ಟಿ ಆಗೋವರೆಗೂ ಒತ್ತಿ.”

ನಾನು ಒರೆಸಿದ್ದೆನಲ್ಲ, ಅದೇ. ಮೊದಲು ಬಲೂನಿನಂತೆ ಮೆತ್ತಗಿತ್ತು. ಅರವತ್ತು ಎಪ್ಪತ್ತು ಸಲ ಒತ್ತಿದ ಮೇಲೆ ಕಲ್ಲಿನಂತಾಯಿತು. ಕೀಲಿ ತಿರುಗಿಸಿದೆ, ಎರಡು ಸಲ ತಡವರಿಸಿ ಎದ್ದಿತು. ಹಸ್ತದಲ್ಲಿ ಗುಬ್ಬಿಯ ಗುರುತು ಎರಡು ದಿನ ಇತ್ತು.

ಸುಮ್ಮನಿರಬಹುದಿತ್ತು. ಅಷ್ಟರಲ್ಲಿ ನನ್ನ ಚೀಟಿಯ ಸರದಿ ಬಂತು. ಕತ್ತಲಲ್ಲಿ ಸರಕು ತುಂಬಲು ಬೆಳಕು ಬೇಕಲ್ಲ (ಸರಕು ಇಲ್ಲ ಅನ್ನುವುದು ಬೇರೆ ಮಾತು), ತೊಟ್ಟಿಯ ಎರಡು ಮೂಲೆಗೆ ದೀಪ ಹಾಕಿದೆ. ಕರೆಂಟು ಬ್ಯಾಟರಿಗೆ ಮರಳುವ ಅರ್ಥ್ ವೈರನ್ನು ಹಿಂದಿನ ಲೈಟಿನ ಅರ್ಥ್ ಬೋಲ್ಟಿಗೇ ಸೇರಿಸಿ, ತುಕ್ಕು ಹಿಡಿಯದಿರಲಿ ಅಂತ ಆ ಜಾಗಕ್ಕೆ ಮೊದಲೇ ಚೆನ್ನಾಗಿ ಬಣ್ಣ ಬಳಿದು ಬಿಗಿದೆ. ಆಮೇಲೆ ಬ್ರೇಕ್ ಒತ್ತಿದರೆ ಎರಡೂ ಇಂಡಿಕೇಟರು ಮಂಕಾಗಿ ಹೊತ್ತಿಕೊಳ್ಳತೊಡಗಿದವು. ಎಡಕ್ಕೆ ಇಂಡಿಕೇಟರ್ ಹಾಕಿದರೆ ತೊಟ್ಟಿಯ ದೀಪ ಕಣ್ಣು ಹೊಡೆಯುತ್ತಿತ್ತು. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ. ಮನೆಗೆ ಮರಳುವ ಹೆದ್ದಾರಿ ಮುಚ್ಚಿದರೆ ಅದು ಅಕ್ಕಪಕ್ಕದ ಬಲ್ಬುಗಳ ಪಡಸಾಲೆ ಹಾಯ್ದು ಹೋಗುತ್ತದೆ. ಒಂದು ತುಂಡು ಮರಳು ಕಾಗದದಲ್ಲಿ ಉಜ್ಜಿ ಹಾಕಬೇಕಾದದ್ದಕ್ಕೆ ನಾನು ಡ್ಯಾಶ್ ಬೋರ್ಡನ್ನೇ ಬಿಚ್ಚಿದ್ದೆ. ಮತ್ತೆ ಜೋಡಿಸಿದಾಗ ಮೂರು ಸ್ಕ್ರೂ ಉಳಿದವು. ಈಗಲೂ ಇವೆ.

ದೊಡ್ಡ ಟೈರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುತ್ತಳತೆ ಹತ್ತರಲ್ಲೊಂದು ಪಾಲು ಹೆಚ್ಚಾದರೆ ಮೀಟರು ಅರವತ್ತು ತೋರಿಸುವಾಗ ಗಾಡಿ ಅರವತ್ತಾರರಲ್ಲಿ ಓಡುತ್ತಿರುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ವಾಪಸ್ ಹಳೆಯದನ್ನೇ ಹಾಕಿಸಿದೆ.

ಸ್ಪ್ರಿಂಗು ಮಾತ್ರ ವಾಪಸ್ ಮಾಡಲಾಗಲಿಲ್ಲ. ಪಿಕಪ್ಪಿನ ಹಿಂದೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಇರುತ್ತದೆ, ಭಾರ ಬಿದ್ದರೇ ಅದು ಬಾಗುವುದು. ಖಾಲಿ ಗಾಡಿ ಕುಣಿಯುತ್ತದೆ. ಕುಣಿತ ನಿಲ್ಲಲಿ ಅಂತ ನಾನು ಇನ್ನೊಂದು ಪಟ್ಟಿ ಸೇರಿಸಿದೆ, ಅಂದರೆ ಇನ್ನಷ್ಟು ಬಾಗದ ಹಾಗೆ ಮಾಡಿದೆ. ಮೊದಲ ಹಂಪ್ ದಾಟಿದಾಗ ಹಿಂದಿನ ಸೀಟಿನಲ್ಲಿದ್ದ ಮಗಳ ತಲೆ ಸೂರಿಗೆ ತಾಗಿತು. ಹೆಂಡತಿ ಆಮೇಲೆ ಮನೆ ಬರುವವರೆಗೂ ಹಿಡಿ ಬಿಡಲಿಲ್ಲ.

“ಲೋಡ್ ಹಾಕಿ ಸಾರ್,” ಅಂದ ಮೆಕ್ಯಾನಿಕ್. “ಅದು ಕೇಳ್ತಿರೋದು ಅಷ್ಟೇ.”

ಇಪ್ಪತ್ತೈದು ಕಿಲೋದ ಆರು ಚೀಲ ಮರಳು ತಂದೆ. ಮೊದಲು ಹಿಂಬಾಗಿಲಿಗೆ ಒತ್ತಿ ಇಟ್ಟೆ. ಹಿಂದಿನ ಚಕ್ರಗಳ ಅಚ್ಚಿನ ಹಿಂದೆ ಭಾರ ಬಿದ್ದು ಮೂತಿ ಮೇಲೆದ್ದು ಸ್ಟೇರಿಂಗ್ ಹಗುರಾಯಿತು. ಚೀಲಗಳನ್ನು ಅಚ್ಚಿನ ನೇರಕ್ಕೆ ಎಳೆದ ಮೇಲೆ ಗಾಡಿ ಸಾಧುವಾಯಿತು. ಆ ವಾರ ಮಳೆ ಬಂತು. ಒಂದು ಚೀಲ ಒಡೆದು, ಮರಳು ಹೋಗಿ ನೀರು ಹರಿಯುವ ತೂತಿಗೆ ಕೂತು, ತೊಟ್ಟಿ ನಿಜಕ್ಕೂ ತೊಟ್ಟಿಯಾಯಿತು. ನಾನು ಮೊಣಕಾಲವರೆಗೆ ಪ್ಯಾಂಟು ಮಡಚಿ ಅದರೊಳಗೆ ನಿಂತು ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

“ಅಂತೂ ತುಂಬೋಕೆ ಏನೋ ಒಂದು ಸಿಕ್ತಲ್ಲ,” ಅಂದಳು.

ಕಳೆದ ವಾರ ಭಾವಮೈದ ಬಂದಿದ್ದ. ಇಷ್ಟೂ ದಿನ ನನ್ನ ಗಾಡಿ ಪುರಾಣ ಕೇಳಿ ಬಿದ್ದು ಬಿದ್ದು ನಕ್ಕವನೇ. ಈಗ ಅವನಿಗೂ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಬೇಕಂತೆ, ಮಾರನೆಯ ದಿನ ನೋಡಲು ಹೋಗುವುದಂತೆ. “ಏನೇನು ನೋಡ್ಬೇಕು ಭಾವ?” ಅಂದ. ನಾನು ಒಂದೂ ಬಚ್ಚಿಡಲಿಲ್ಲ. ಎಂಜಿನ್ ತಣ್ಣಗಿದೆಯಾ ಅಂತ ಮೊದಲು ಕೈಯಿಟ್ಟು ನೋಡು ಅಂದೆ. ಮುಚ್ಚಳ, ಹೊಗೆ, ಪೆಡಲಿನ ರಬ್ಬರು, ಟೈರಿನ ಅಂಕಿ, ಎಲ್ಲ ಹೇಳಿದೆ. ಹೊರಡುವಾಗ ಬಟ್ಟೆಯಲ್ಲಿ ಸುತ್ತಿದ್ದ ಆಯಸ್ಕಾಂತವನ್ನೂ ಕೈಗಿಟ್ಟು, ಅದರ ಗುಟ್ಟು ವಿವರಿಸಿದೆ.

“ಎಲ್ಲಿಂದ ಶುರು ಮಾಡ್ಲಿ?” ಅಂದ.

“ಮುಂದಿನಿಂದಲೇ ಮಾಡು,” ಅಂದೆ. ಬಂಪರಿನ ವಿಷಯ ಎತ್ತಲಿಲ್ಲ.