ಎರಡು ಗಂಟೆಯಲ್ಲಿ ಪಾಂಪೇ ಖಲಾಸ್

ಕ್ರಿ.ಶ. 79ರಲ್ಲಿ ಇಟಲಿಯ ಜ್ವಾಲಾಮುಖಿ ವೆಸೂವಿಯಸ್ ಬೆಟ್ಟ ಸಿಡಿದು ಪಾಂಪೇ ಊರನ್ನು ಬೂದಿಯಲ್ಲಿ ಹೂತು ಮುಗಿಸಲು ಮಧ್ಯಾಹ್ನ ಶುರುಮಾಡಿತ್ತು, ಕೆಲಸ ಪೂರ್ತಿಯಾಗುವ ಹೊತ್ತಿಗೆ ಮಾರನೇ ದಿನ ಬೆಳಗಾಗಿತ್ತು. ಈಗಿನ ಟೂರ್ ಕಂಪನಿಗಳಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ. ಎರಡು ಗಂಟೆಯಲ್ಲಿ ಪಾಂಪೇ ಮುಗಿಸುತ್ತಾರೆ. ಆಮೇಲೆ ಊಟ ಹಾಕಿ, ನಾಲ್ಕು ಬಗೆಯ ವೈನ್ ಕುಡಿಸಿ, ಆ ಊರನ್ನು ಮುಗಿಸಿದ ಬೆಟ್ಟವನ್ನೇ ಹತ್ತಿಸಿ ಇಳಿಸಿ, ಸಂಜೆ ಹೊತ್ತಿಗೆ ನೇಪಲ್ಸ್ ಹೋಟೆಲ್ ಬಾಗಿಲಿಗೆ ತಂದುಬಿಡುತ್ತಾರೆ.

ಮೂರೂ ಸೇರಿ ಒಂದೇ ಟಿಕೆಟ್. ಸತ್ತವರನ್ನು ನೋಡಿ, ಸಾಯಿಸಿದ ಬೆಟ್ಟವನ್ನು ನೋಡಿ, ನಡುವೆ ಚಿಯರ್ಸ್ ಹೇಳಿ. ಇದಕ್ಕೆ ‘ಅನುಭವ’ ಅಂತ ಹೆಸರು. ರೋಮ್‌ನಿಂದಲೇ ಬೆಳಿಗ್ಗೆ ಏಳಕ್ಕೆ ಜನರನ್ನು ಬಸ್ಸಿಗೆ ತುಂಬಿಕೊಂಡು ಹೊರಡುವ ಧೀರರೂ ಇದ್ದಾರೆ. ಹೋಗಲು ಸುಮಾರು 240 ಕಿ.ಮೀ., ಬರಲು ಅಷ್ಟೇ. ಆ ದಿನ ನೀವು ಅತಿ ಹೆಚ್ಚು ಹೊತ್ತು ನೋಡುವ ಇಟಲಿಯ ಸ್ಮಾರಕ ಅಂದರೆ ಮುಂದಿನ ಸೀಟಿನವರ ತಲೆ.

ಪಾಂಪೇ ಎಷ್ಟು ದೊಡ್ಡದು ಅಂತ ಕೇಳಿ. 66 ಹೆಕ್ಟೇರ್, ಅಂದರೆ 160 ಎಕರೆಗೂ ಜಾಸ್ತಿ. 1748ರಲ್ಲಿ ಅಗೆಯಲು ಶುರುಮಾಡಿದರು, ಇನ್ನೂ ಅಗೆಯುತ್ತಲೇ ಇದ್ದಾರೆ, ಮೂರರಲ್ಲಿ ಒಂದು ಪಾಲು ಊರು ಇನ್ನೂ ಮಣ್ಣಿನಡಿಯೇ ಇದೆ. ಪುರಾತತ್ವದವರು 270 ವರ್ಷ ಅಗೆದರೂ ಮುಗಿಯದ ಊರನ್ನು ಗೈಡ್ ಒಬ್ಬರು ಕೊಡೆ ಮೇಲೆತ್ತಿಕೊಂಡು ಎರಡು ತಾಸಿನಲ್ಲಿ ಮುಗಿಸಿ ಕೈ ತೊಳೆಯುತ್ತಾರೆ. ಗೈಡ್‌ಗಳನ್ನು ದೂರಿ ಪ್ರಯೋಜನವಿಲ್ಲ, ಪಾಪ. ಅವರಲ್ಲಿ ಬಹಳ ಮಂದಿ ಓದಿಕೊಂಡವರು, ಒಂದು ಗೋಡೆಯ ಮುಂದೆ ಒಂದು ಗಂಟೆ ಮಾತಾಡಬಲ್ಲವರು. ಅವರ ಕೈಗೆ ಕೊಟ್ಟಿರುವುದು ಗೋಡೆಗೆ ಒಂದೂವರೆ ನಿಮಿಷ. ಅಷ್ಟರಲ್ಲಿ ಹಿಂದಿನ ಗುಂಪಿನ ಕೊಡೆ ಬೆನ್ನಿಗೆ ತಾಗುತ್ತಿರುತ್ತದೆ.

ಕಿವಿಗೆ ಇಯರ್‌ಫೋನ್, ಕೊರಳಿಗೆ ಪುಟ್ಟ ರಿಸೀವರ್ ತಗುಲಿಸಿ ಎಲ್ಲರನ್ನೂ ಪೋರ್ಟಾ ಮರೀನಾ ಬಾಗಿಲಿನಿಂದ ಒಳಗೆ ಬಿಡುತ್ತಾರೆ. ಫೋರಂ ಅನ್ನುವ ಊರ ಚೌಕ, ಸ್ನಾನದ ಮನೆ, ರಸ್ತೆ ದಾಟಲು ಇಟ್ಟ ದಪ್ಪ ಕಲ್ಲು, ಬೇಕರಿ, ಮುಂದೆ ನಡೀರಿ. ಸಿಗ್ನಲ್ ತಪ್ಪಿ ಪಕ್ಕದ ಗುಂಪಿನ ಸ್ಪ್ಯಾನಿಷ್ ವಿವರಣೆ ಕಿವಿಗೆ ಬಿದ್ದರೂ ಜನ ಗಂಭೀರವಾಗಿ ತಲೆಯಾಡಿಸಿಕೊಂಡೇ ಹೋಗುತ್ತಾರೆ.

ಇಷ್ಟೊಂದು ಅವಸರದಲ್ಲೂ ಒಂದು ಕಡೆ ಮಾತ್ರ ಯಾರಿಗೂ ಅವಸರವಿಲ್ಲ. ಅದು ಲುಪನಾರ್, ಅಂದರೆ ಆ ಊರಿನ ವೇಶ್ಯಾಗೃಹ. ಕೆಳಗೆ ಐದು ಕೋಣೆ, ಕೋಣೆಗೊಂದು ಕಲ್ಲಿನ ಮಂಚ, ಬಾಗಿಲ ಮೇಲೆ ನಾಲ್ಕಾರು ಚಿತ್ರ. ಉದ್ದನೆಯ ಕ್ಯೂ ಇಲ್ಲೇ. ಇಪ್ಪತ್ತು ವರ್ಷ ರಿಪೇರಿ ಮಾಡಿ 2023ರಲ್ಲಿ ಮತ್ತೆ ತೆರೆದ, ವೆಟ್ಟಿ ಎಂಬ ಶ್ರೀಮಂತರ ಮನೆಗೆ ಟೈಮಿಲ್ಲ, ಊರಿನ ಅಂಚಿನ ಆಂಫಿಥಿಯೇಟರ್ ದೂರವಾಯಿತು, ಕೋಟೆಯಾಚೆಯ ವಿಲ್ಲಾ ಇನ್ನೂ ದೂರ. ಆದರೆ ಕಲ್ಲಿನ ಮಂಚ ನೋಡದೆ ಹೋದರೆ ಹೇಗೆ, ಅಷ್ಟು ದೂರದಿಂದ ಬಂದು?

ಆ ದೂರವಾದ ಆಂಫಿಥಿಯೇಟರ್ ಕಡೆಗೇ ಸ್ವಲ್ಪ ನಡೆದಿದ್ದರೆ ಒಂದು ತಮಾಷೆ ಸಿಗುತ್ತಿತ್ತು. ಅಲ್ಲೊಂದು ದೊಡ್ಡ ಖಾಲಿ ಜಾಗವಿತ್ತು. ದನದ ಸಂತೆ ನಡೆಯುತ್ತಿದ್ದ ಮೈದಾನ ಅಂತ ಬಹಳ ಕಾಲ ಅಂದುಕೊಂಡಿದ್ದರು. ವಿಲ್ಹೆಲ್ಮಿನಾ ಜಶೆಮ್ಸ್ಕಿ ಎಂಬ ಇತಿಹಾಸಕಾರ್ತಿ ಅಲ್ಲಿ ಅಗೆಸಿ, ಬೇರು ಕೊಳೆತು ಉಳಿದಿದ್ದ ತೂತುಗಳಿಗೆ ಸಿಮೆಂಟ್ ಸುರಿದು ನೋಡಿದಾಗ ಅದು ದ್ರಾಕ್ಷಿ ತೋಟ ಎಂದು ಗೊತ್ತಾಯಿತು. ಎರಡು ಸಾವಿರಕ್ಕೂ ಹೆಚ್ಚು ಬಳ್ಳಿ ಇದ್ದ ತೋಟ. ಈಗ ಪಾಂಪೇ ಒಳಗೆ ಮತ್ತೆ ಬಳ್ಳಿ ನೆಟ್ಟಿದ್ದಾರೆ. ಹಾಳೂರು, ವೈನು, ತಲೆಯೆತ್ತಿದರೆ ಬೆಟ್ಟ, ಮೂರೂ ಒಂದೇ ಕಡೆ. ಹಾಳೂರು, ಬೆಟ್ಟ, ವೈನು ಮಾರುವ ಟೂರಿಗೆ ಮಾತ್ರ ಅಲ್ಲಿಗೆ ಹೋಗಲು ಟೈಮಿಲ್ಲ. ವೈನ್ ಕುಡಿಯಲು ಹೋಗಬೇಕಲ್ಲ, ಬಸ್ ಹೊರಡುತ್ತದೆ.

ಅದೇ ಕಡೆ ಇನ್ನೊಂದು ತೋಟವಿದೆ. ಓಡಿಹೋಗುತ್ತಿದ್ದ 13 ಮಂದಿ, ದೊಡ್ಡವರೂ ಮಕ್ಕಳೂ, ಬೂದಿಗೆ ಸಿಕ್ಕಿ ಬಿದ್ದ ಜಾಗ. ದೇಹ ಕರಗಿ ಉಳಿದ ಪೊಳ್ಳಿಗೆ ಪ್ಲಾಸ್ಟರ್ ಸುರಿಯುವ ಉಪಾಯವನ್ನು ಪುರಾತತ್ವದ ಜುಸೆಪ್ಪೆ ಫಿಯೊರೆಲ್ಲಿ 1863ರಲ್ಲಿ ಹೂಡಿದ್ದರಿಂದ ಇಂಥವರನ್ನು ನಾವು ನೋಡುವಂತಾಗಿದೆ. ಹತ್ತಿರ ಹೋದರೆ ಬಟ್ಟೆಯ ನೆರಿಗೆ ಕಾಣುತ್ತದೆ. ಕೆಲವು ಎರಕಗಳಲ್ಲಿ ಪ್ಲಾಸ್ಟರ್ ನಡುವೆ ನಿಜವಾದ ಹಲ್ಲು, ತಲೆಬುರುಡೆಯ ಚೂರು ಕಾಣುತ್ತದೆ. ಗುಂಪುಗಳನ್ನು ಇಷ್ಟು ದೂರ ತರುವುದು ಕಮ್ಮಿ, ದಾರಿಯಲ್ಲೇ ಸಿಗುವ ಬೇರೆ ಎರಕ ತೋರಿಸಿ ಮುಗಿಸುತ್ತಾರೆ. ಗಾಜಿನಾಚೆ ಒಬ್ಬ ಮನುಷ್ಯ ಉಸಿರುಕಟ್ಟಿ ಮುಖ ಮುಚ್ಚಿಕೊಂಡಿದ್ದಾನೆ, ಈಚೆ ಇನ್ನೊಬ್ಬ ಎರಡು ಬೆರಳೆತ್ತಿ ನಗುತ್ತಿದ್ದಾನೆ. ಫೋಟೋ ಬ್ಲರ್ ಆಯಿತು, ಇನ್ನೊಂದು ತೆಗಿ.

ಸರಿ, ಊಟ. ವೆಸೂವಿಯಸ್ ಇಳಿಜಾರಿನ ತೋಟದ ಮನೆ, ಉದ್ದನೆಯ ಮೇಜು, ಬ್ರೆಡ್ ಮೇಲೆ ಟೊಮೇಟೊ, ಅದೇ ಟೊಮೇಟೊ ಹಾಕಿದ ಸ್ಪಗೆಟ್ಟಿ. ವೈನಿನ ಹೆಸರು ಲಾಕ್ರಿಮಾ ಕ್ರಿಸ್ಟಿ. ಸ್ವರ್ಗದಿಂದ ಹೊರಬಿದ್ದ ಲೂಸಿಫರ್ ಒಂದು ತುಂಡು ಸ್ವರ್ಗವನ್ನೂ ಕಿತ್ತುಕೊಂಡು ಬಂದನಂತೆ, ಅದು ನೇಪಲ್ಸ್ ಕೊಲ್ಲಿಯಾಯಿತಂತೆ, ಅದನ್ನು ಕಂಡು ಕ್ರಿಸ್ತ ಅತ್ತನಂತೆ, ಕಣ್ಣೀರು ಬಿದ್ದಲ್ಲಿ ಬಳ್ಳಿ ಹುಟ್ಟಿತಂತೆ. ಕಥೆ ಚೆನ್ನಾಗಿದೆ. ಕಥೆ ಮುಗಿಯುವಷ್ಟರಲ್ಲಿ ಆರು ಬಾಟಲಿ ಬಾಕ್ಸಿನ ಆರ್ಡರ್ ಫಾರಂ ಮೇಜಿನ ಮೇಲಿರುತ್ತದೆ, ಮನೆಗೇ ಕಳಿಸುತ್ತೇವೆ ಅನ್ನುತ್ತಾರೆ. ಇಡೀ ದಿನದಲ್ಲಿ ಯಾರೂ ವಾಚ್ ನೋಡಿಕೊಳ್ಳದ ಒಂದೂವರೆ ಗಂಟೆ ಇದು.

ಮ್ಯೂನಿಕ್‌ನಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಕೆಲಸದಲ್ಲಿರುವ ನಮ್ಮ ಹುಡುಗರು ಊರಿಂದ ಬಂದ ಅಪ್ಪ ಅಮ್ಮನನ್ನು ಇಂಥ ಟೂರಿಗೆ ಕರೆತಂದರೆ ಆ ಮೇಜಿನಲ್ಲಿ ನಡೆಯುವುದು ಹೀಗೇ.

“ಅಮ್ಮಾ, ಒಂದು ಗುಟುಕು ನೋಡು, ಏನಾಗಲ್ಲ.”

“ಬೇಡಪ್ಪ, ನಂಗೆ ನೀರೇ ಸಾಕು. ಆ ಚಟ್ನಿಪುಡಿ ಡಬ್ಬಿ ಈಚೆ ಕೊಡು.”

“ಎಷ್ಟು ಕೊಟ್ಟೆ ಮಗನೇ ತಲೆಗೆ?” ಇದು ಅಪ್ಪ.

ಮಗ ಹೇಳುತ್ತಾನೆ. ಅಪ್ಪ ಮನಸ್ಸಿನಲ್ಲೇ ಅದನ್ನು ರೂಪಾಯಿಗೆ ತಿರುಗಿಸುತ್ತಾರೆ. ಆಮೇಲೆ ಯಾರೂ ಮಾತಾಡುವುದಿಲ್ಲ. ದುಡ್ಡು ಕೊಟ್ಟಾಗಿದೆ, ಸುಮ್ನೆ ಬಿಟ್ಟರೆ ದಂಡ. ಹಾಗಾಗಿ ಅಮ್ಮನ ಪಾಲಿನ ನಾಲ್ಕು ಗ್ಲಾಸೂ ಮಗನ ಪಾಲಿಗೆ. ಮುಂದಿನ ಕಾರ್ಯಕ್ರಮ ಜ್ವಾಲಾಮುಖಿ.

ಈ ಕಡೆಯ ವೈನ್ ಬಗ್ಗೆ ಎಚ್ಚರಿಕೆ ಕೊಟ್ಟವರು ಇಲ್ಲದೇ ಇಲ್ಲ. ಆ ಕಾಲದ ರೋಮನ್ ಲೇಖಕ ಹಿರಿಯ ಪ್ಲಿನಿ ತನ್ನ ದೊಡ್ಡ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ, ಪಾಂಪೇ ವೈನ್ ಕುಡಿದರೆ ಮಾರನೇ ದಿನ ಮಧ್ಯಾಹ್ನದವರೆಗೂ ತಲೆನೋವು ಬಿಡುವುದಿಲ್ಲ ಅಂತ. ನಮ್ಮ ಮೇಲೂ ಅವನಿಗೆ ಸಿಟ್ಟಿತ್ತು, ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹಣ ಇಂಡಿಯಾಕ್ಕೆ ಹರಿದುಹೋಗುತ್ತಿದೆ ಎಂದು ಗೊಣಗಿದ್ದ. ವೆಸೂವಿಯಸ್ ಸಿಡಿದಾಗ ಈತ ಮಿಸೇನಂ ಬಂದರಿನಲ್ಲಿ ನೌಕಾಪಡೆಯ ಮುಖ್ಯಸ್ಥ. ಹತ್ತಿರದಿಂದ ನೋಡೋಣ ಎಂದು ಹೊರಟ, ಜನರನ್ನು ಉಳಿಸಲು ಹಡಗುಗಳನ್ನೂ ಕರೆದುಕೊಂಡ. ಪಾಂಪೇ ಹತ್ತಿರದ ಸ್ಟಾಬಿಯೆ ಊರಿನಲ್ಲಿ ಇಳಿದು, ಬೆಟ್ಟ ಉರಿಯುತ್ತಿರುವಾಗಲೇ ಸ್ನಾನ ಮಾಡಿ, ನಗುನಗುತ್ತಾ ಊಟ ಮಾಡಿ, ಗೊರಕೆ ಹೊಡೆದು ಮಲಗಿದ. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಸತ್ತ. ಇದನ್ನೆಲ್ಲ ಅವನ ಸೋದರಿಯ ಮಗ, ಕಿರಿಯ ಪ್ಲಿನಿ, ಇತಿಹಾಸಕಾರ ಟಾಸಿಟಸ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಬೆಟ್ಟ ನೋಡುವುದು, ಸ್ನಾನ, ಊಟ, ನಿದ್ದೆ, ಎಲ್ಲ ಸೇರಿದ ಈ ಭಾಗದ ಮೊದಲ ಪ್ಯಾಕೇಜ್ ಟೂರ್ ಅದೇ ಇರಬೇಕು. ವಾಪಸ್ ಬಿಡುವ ವ್ಯವಸ್ಥೆ ಮಾತ್ರ ಇರಲಿಲ್ಲ.

ಇನ್ನು ಬೆಟ್ಟ ಹತ್ತುವ ಸಾಹಸ. ವೆಸೂವಿಯಸ್ ಎತ್ತರ 1,281 ಮೀಟರ್. ಅದರಲ್ಲಿ ಸಾವಿರ ಮೀಟರ್ ಬಸ್ಸೇ ಹತ್ತುತ್ತದೆ. ಮಿಕ್ಕಿದ್ದು ಅರ್ಧ ಗಂಟೆಯ ನಡಿಗೆ, ಬ್ರೋಷರ್‌ನಲ್ಲಿ ಅದಕ್ಕೆ ಟ್ರೆಕ್ಕಿಂಗ್ ಅನ್ನುತ್ತಾರೆ. ದಾರಿಯೇನೋ ಅಗಲವಾಗಿದೆ, ಆದರೆ ಕಾಲಿಟ್ಟಲ್ಲಿ ಜಲ್ಲಿ ಜಾರುತ್ತದೆ, ಮರದ ನೆರಳಿಲ್ಲ, ಎರಡು ಹೆಜ್ಜೆ ಮೇಲೆ ಹೋದರೆ ಒಂದು ಹೆಜ್ಜೆ ಕೆಳಗೆ. ಬಿಳಿ ಸ್ನೀಕರ್ಸ್ ಹಾಕಿದವರು ಬೂದಿ ಬಣ್ಣಕ್ಕೆ ತಿರುಗುತ್ತಾರೆ. ಬುಡದಲ್ಲೇ ಊರುಗೋಲು ಹಿಡಿದು ನಿಂತವರು ಒಂದು ಕೋಲು ಕೈಗಿಟ್ಟು ನಗುತ್ತಾರೆ, ಇಳಿದಾಗ ಕೋಲು ವಾಪಸ್ ಕೊಟ್ಟು ಭಕ್ಷೀಸೂ ಕೊಡಬೇಕು.

ಟಿಕೆಟ್ ಅಲ್ಲೇ ಸಿಗುತ್ತದೆ ಅಂದುಕೊಂಡು ಹೋದವರ ಗತಿ ಬೇಡ. ಆನ್‌ಲೈನ್‌ನಲ್ಲಿ ಮೊದಲೇ ತೆಗೆಸಬೇಕು, ಸ್ಲಾಟ್ ಇರುತ್ತದೆ. ಜ್ವಾಲಾಮುಖಿಗೆ ಸ್ಲಾಟ್! ನೀವು ಮೂರು ಗಂಟೆಗೆ ಬರುತ್ತೀರಿ ಎಂದು ಬೆಟ್ಟಕ್ಕೆ ಗೊತ್ತಿದೆ, ಬೆಟ್ಟ ಎಷ್ಟು ಗಂಟೆಗೆ ಬರುತ್ತದೆ ಎಂದು ನಿಮಗೆ ಗೊತ್ತಿಲ್ಲ. ಕೊನೆಯ ಸಲ ಸಿಡಿದು ಬಂದಿದ್ದು 1944ರ ಮಾರ್ಚ್‌ನಲ್ಲಿ. ಯುದ್ಧಕಾಲ, ಅಮೆರಿಕದವರು ಹತ್ತಿರದ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ್ದ ಎಂಬತ್ತರ ಆಸುಪಾಸು ಬಾಂಬರ್ ವಿಮಾನಗಳು ಬಿಸಿ ಬೂದಿಗೆ ಹಾಳಾದವು. ಸಾನ್ ಸೆಬಾಸ್ಟಿಯಾನೊ ಎಂಬ ಊರಿನ ಮೇಲೆ ಲಾವಾ ಹರಿಯಿತು. 1880ರಿಂದ ಪ್ರವಾಸಿಗಳನ್ನು ಮೇಲೆ ಎಳೆದೊಯ್ಯುತ್ತಿದ್ದ ಹಗ್ಗದ ರೈಲೂ ಆಗಲೇ ಹೋಯಿತು. ಅಂದರೆ ಈ ಬೆಟ್ಟವನ್ನು ಟೂರಿಗೆ ಸೇರಿಸುವ ಬುದ್ಧಿ ನಮ್ಮ ಕಾಲದ್ದಲ್ಲ. ಅವರೂ ಕಮ್ಮಿ ಇರಲಿಲ್ಲ.

ಮೇಲೆ ಹೋದರೆ ಒಂದು ದೊಡ್ಡ ಹೊಂಡ. ಬಂಡೆ ಸಂದಿಯಲ್ಲಿ ಅಲ್ಲಲ್ಲಿ ಆವಿ. ಲಾವಾ ಎಲ್ಲಿ ಅಂತ ಕೇಳುವವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಪ್ರಕಾರ ಇದು ಮೋಸ. ಇಷ್ಟು ದುಡ್ಡು ಕೊಟ್ಟು ಕೆಂಪಗಿನದು ಒಂದು ಚೂರೂ ಇಲ್ಲ ಅಂದರೆ? 2022ರಲ್ಲಿ ಅಮೆರಿಕದ ಪ್ರವಾಸಿಯೊಬ್ಬ ಹೋಗಬಾರದ ದಾರಿಯಲ್ಲಿ ಮನೆಯವರ ಜೊತೆ ಮೇಲೆ ಹತ್ತಿದ, ಸೆಲ್ಫಿ ತೆಗೆಯಲು ಹೋಗಿ ಫೋನ್ ಕುಳಿಯೊಳಗೆ ಬಿತ್ತು, ಅದನ್ನು ತರಲು ಹೋಗಿ ತಾನೂ ಜಾರಿದ. ಗೈಡ್‌ಗಳು ಹಗ್ಗ ಬಿಟ್ಟು ಮೇಲೆತ್ತಿದರು. ತರಚು ಗಾಯ, ಮೇಲೊಂದು ಪೊಲೀಸ್ ಕೇಸು. ಹಿರಿಯ ಪ್ಲಿನಿಗೆ ಹೋಲಿಸಿದರೆ ಅಗ್ಗದಲ್ಲಿ ಮುಗಿಯಿತು.

ಹೊಂಡದ ಅಂಚಿನಲ್ಲಿ ಅಂಗಡಿಗಳೂ ಇವೆ. ಲಾವಾ ಕಲ್ಲಿನ ಸರ, ಲಾವಾ ಕಲ್ಲಿನ ಆಮೆ, ಮತ್ತೆ ಅದೇ ಲಾಕ್ರಿಮಾ ಕ್ರಿಸ್ಟಿ. ದುಡ್ಡು ಕೊಡದೆ ಕಲ್ಲು ಎತ್ತಿಕೊಂಡು ಹೋಗುವವರ ಕಥೆ ಬೇರೆ. ಪಾಂಪೇಯಿಂದ ಮೊಸಾಯಿಕ್ ಚೂರು, ಮಡಕೆ ಚೂರು ಕದ್ದು ಒಯ್ದವರು ವರ್ಷಗಳ ಮೇಲೆ ಪಾರ್ಸಲ್ ಮಾಡಿ ವಾಪಸ್ ಕಳಿಸುತ್ತಾರೆ, ಜೊತೆಗೆ ಪತ್ರ: ಇದು ಮನೆಗೆ ಬಂದಾಗಿನಿಂದ ಕಷ್ಟದ ಮೇಲೆ ಕಷ್ಟ, ದಯವಿಟ್ಟು ತಗೊಳ್ಳಿ. ಶಾಪದ ಭಯ ಬಿಡಿ, ಅಂಚೆ ಖರ್ಚಾದರೂ ಆಯಿತಲ್ಲ.

ಬಸ್ ಇಳಿಯುವ ದಾರಿಯಲ್ಲಿ ಕಿಟಕಿಯಾಚೆ ಅಪಾರ್ಟ್‌ಮೆಂಟ್‌ಗಳು ಶುರುವಾಗುತ್ತವೆ. ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿದೆ, ಸ್ಕೂಟರ್ ನಿಂತಿದೆ. ಎರ್ಕೊಲಾನೊ, ಟೊರ್ರೆ ದೆಲ್ ಗ್ರೆಕೊ, ಎಲ್ಲ ಬೆಟ್ಟದ ಬುಡದ ಊರುಗಳು. ಬೆಟ್ಟ ಸಿಡಿದರೆ ಅತಿ ಅಪಾಯ ಎಂದು ಕೆಂಪು ವಲಯ ಅಂತ ಗೆರೆ ಎಳೆದ ಜಾಗದಲ್ಲಿ ಆರೇಳು ಲಕ್ಷ ಜನ ಇದ್ದಾರೆ. ಬೆಟ್ಟ ಎಚ್ಚರವಾಗುವ ಸೂಚನೆ ಕೊಟ್ಟರೆ 72 ಗಂಟೆಯಲ್ಲಿ ಎಲ್ಲರನ್ನೂ ಬೇರೆ ಪ್ರಾಂತ್ಯಗಳಿಗೆ ಸಾಗಿಸುವುದು ಸರ್ಕಾರದ ಪ್ಲಾನ್. ಇಲ್ಲಿನ ಸಂಜೆ ಟ್ರಾಫಿಕ್ ಒಂದು ಸಲ ನೋಡಿದವರಿಗೆ ಆ 72ರ ಮೇಲೆ ಎಷ್ಟು ನಂಬಿಕೆ ಬರುತ್ತದೋ ಬರಲಿ. 2003ರ ಹೊತ್ತಿಗೆ ಬಿಟ್ಟುಹೋಗುವ ಕುಟುಂಬಕ್ಕೆ 30,000 ಯೂರೋವರೆಗೆ ಕೊಡುತ್ತೇವೆ ಅಂದರು, ಹೋದವರು ಕಮ್ಮಿ. ಮೇಲೆ ಬೆಟ್ಟದ ಮೈಯಲ್ಲೇ 1841ರಲ್ಲಿ ಶುರುವಾದ ವೀಕ್ಷಣಾಲಯದ ಹಳೆಯ ಕಟ್ಟಡವಿದೆ, ಜ್ವಾಲಾಮುಖಿ ನೋಡಿಕೊಳ್ಳಲೆಂದೇ ಕಟ್ಟಿದ ಪ್ರಪಂಚದ ಮೊದಲನೆಯದು. ಬಸ್ ಅಲ್ಲಿ ನಿಲ್ಲುವುದಿಲ್ಲ. ಕುಡಿಯಲು ಏನೂ ಸಿಗುವುದಿಲ್ಲವಲ್ಲ.

ಜನ ದಟ್ಟಣೆ ತಡೆಯಲು ಪಾಂಪೇಯವರು 2024ರ ನವೆಂಬರ್‌ನಿಂದ ದಿನಕ್ಕೆ 20,000 ಮಂದಿಗೆ ಮಾತ್ರ ಟಿಕೆಟ್, ಅದೂ ಹೆಸರು ಬರೆಸಿ, ಎಂದು ನಿಯಮ ಮಾಡಿದರು. ಒಳ್ಳೆಯದೇ. ಇನ್ನು ಮುಂದೆ ಲುಪನಾರ್ ಕ್ಯೂನಲ್ಲಿ ನಿಂತವರ ಪೂರ್ತಿ ಹೆಸರು ಸರ್ಕಾರದ ಬಳಿ ಇರುತ್ತದೆ.

ಇಷ್ಟೆಲ್ಲ ಒದ್ದಾಟವಿಲ್ಲದೆ ಮೂರನ್ನೂ ಒಟ್ಟಿಗೆ ನೋಡಬೇಕೆಂದರೆ ಅದಕ್ಕೂ ದಾರಿ ಇದೆ, ಟೂರ್ ಬಸ್ ಹೊರಡುವ ನೇಪಲ್ಸ್ ಊರೊಳಗೇ ಇದೆ. ಅಲ್ಲಿನ ಪುರಾತತ್ವ ಮ್ಯೂಸಿಯಂನಲ್ಲಿ ಪಾಂಪೇಯ ಒಂದು ಮನೆಯ ದೇವರ ಗೂಡಿನಿಂದ ತಂದ ಚಿತ್ರವಿದೆ. ಒಂದು ಬೆಟ್ಟ, ಬಹುಶಃ ವೆಸೂವಿಯಸ್, ಇಳಿಜಾರಿನಲ್ಲಿ ಬಳ್ಳಿ ಸಾಲು. ಪಕ್ಕದಲ್ಲಿ ವೈನಿನ ದೇವರು ಬಾಕಸ್, ಮೈತುಂಬ ದ್ರಾಕ್ಷಿ ಗೊಂಚಲು ಹೊದ್ದು ನಿಂತಿದ್ದಾನೆ. ಪಾಳುಬಿದ್ದ ಊರು, ಬೆಟ್ಟ, ವೈನು, ಮೂರೂ ಒಂದೇ ಗೋಡೆಯ ಮೇಲೆ, ಜಲ್ಲಿಯಲ್ಲಿ ಜಾರದೆ, ತಲೆನೋವಿಲ್ಲದೆ. ಅದೇ ಕಟ್ಟಡದಲ್ಲಿ 1938ರಲ್ಲಿ ಪಾಂಪೇಯಲ್ಲಿ ಸಿಕ್ಕಿದ ನಮ್ಮ ದೇಶದ ದಂತದ ಗೊಂಬೆಯೂ ಇದೆ. ಲಕ್ಷ್ಮಿ ಎಂದು ಹೆಸರಾಗಿದೆ, ಯಕ್ಷಿ ಇರಬಹುದು ಅನ್ನುವವರೂ ಇದ್ದಾರೆ. ಪ್ಲಿನಿ ಗೊಣಗಿದ ಆ ಕೋಟಿಗಳಲ್ಲಿ ನಾಲ್ಕು ಕಾಸು ಇವಳಿಗೂ ಹೋಗಿರಬೇಕು. ಅಮ್ಮನಿಗೆ ಇದನ್ನು ತೋರಿಸಿದರೆ ಒಂದು ನಮಸ್ಕಾರವಾದರೂ ಹಾಕುತ್ತಾರೆ. ಟೂರಿನ ಪಟ್ಟಿಯಲ್ಲಿ ಈ ಮ್ಯೂಸಿಯಂ ಇರುವುದಿಲ್ಲ, ನೀವೇ ಹೋಗಬೇಕು. ಮಂಗಳವಾರ ಮಾತ್ರ ಹೋಗಬೇಡಿ, ಅವತ್ತು ರಜೆ.