ಅಮ್ಮನ ತೋಳು, ನನ್ನ ಮೊಬೈಲ್

ಕಳೆದ ತಿಂಗಳು ರಾತ್ರಿ ಎರಡು ಗಂಟೆಗೆ ನನ್ನ ಮೊಬೈಲ್ ಕಿರುಚಿತು. ತೀರ್ಥಹಳ್ಳಿಯ ಮನೆಯಲ್ಲಿ ಮಲಗಿದ್ದ ಅಮ್ಮನ ತೋಳಿನಲ್ಲಿ ಸಕ್ಕರೆ ಅಳೆಯುವ ಬಿಲ್ಲೆಯೊಂದಿದೆ; ಅದು ಕಳಿಸಿದ ಅಂಕಿ 58. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಅಲ್ಲಿಂದ ಇನ್ನಷ್ಟು ಇಳಿದರೆ ಪ್ರಜ್ಞೆಯೇ ತಪ್ಪಬಹುದು. ಬೆಂಗಳೂರಿನಲ್ಲಿ ಕುಳಿತ ನನ್ನ ಕೈಯಲ್ಲಿದ್ದದ್ದು ಫೋನ್ ಮಾತ್ರ. ಆರನೆಯ ಕರೆಗೆ ಅಮ್ಮ ಎದ್ದಳು, ಬೆರಳಿಗೆ ಚುಚ್ಚಿ ನೋಡಿದಳು: 112.

"ಎಡಮಗ್ಗುಲಿಗೆ ಮಲಗಿದ್ದೆ ಮಾರಾಯ್ತಿ, ನನಗೇನೂ ಆಗಿಲ್ಲ."

ಆ ಮಗ್ಗುಲೇ ಕಾರಣ. ತೋಳಿಗೆ ಅಂಟಿಸಿದ ಬಿಲ್ಲೆಯಿಂದ ಕೂದಲೆಳೆಯಂಥ ತಂತು ಚರ್ಮದಡಿ ಇಳಿದಿರುತ್ತದೆ. ಅದು ಸಕ್ಕರೆ ಅಳೆಯುವುದು ರಕ್ತದಲ್ಲಲ್ಲ, ಜೀವಕೋಶಗಳ ನಡುವಿನ ದ್ರವದಲ್ಲಿ. ತೋಳಿನ ಮೇಲೆ ಮೈಭಾರ ಬಿದ್ದರೆ ಇಲ್ಲದ ಇಳಿತ ಕಾಣಿಸುತ್ತದೆ. ಕಿಣ್ವದ ನೆರವಿನಿಂದ ಗ್ಲೂಕೋಸ್ ಅಳೆಯುವ ದಾರಿಯನ್ನು ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ 1962ರಲ್ಲೇ ತೋರಿಸಿದ್ದರು. ಹೊಸತೆಂದರೆ, ಆ ಅಂಕಿ ಈಗ ಮುನ್ನೂರು ಕಿಲೋಮೀಟರಿಗೂ ದೂರದ ಮಗಳ ದಿಂಬಿನ ಪಕ್ಕಕ್ಕೆ ಬರುತ್ತದೆ.

ಇದರ ಉಪಕಾರವನ್ನು ನಾನು ಮರೆಯಲಾರೆ. ಬೆಳಗಿನ ನಾಲ್ಕು ಕಡುಬಿಗೆ ಮೊಬೈಲಿನಲ್ಲಿ ಸಕ್ಕರೆಯ ಗೆರೆ 240ರವರೆಗೆ ಏರಿದ್ದನ್ನು ನೋಡಿದ್ದೇವೆ. ಎರಡೇ ಕಡುಬು, ಜೊತೆಗೆ ಹೆಸರುಕಾಳಿನ ಪಲ್ಯ ಎಂದಾದ ದಿನ ಅದು 180 ದಾಟಲಿಲ್ಲ. ಹತ್ತು ವರ್ಷ ವೈದ್ಯರು ಹೇಳಿದ ಪಥ್ಯ ಆ ಒಂದು ಗೆರೆಯಿಂದ ಅಮ್ಮನ ಮನಸ್ಸಿಗೆ ಹತ್ತಿತು. ಆದರೆ ಆ ಗೆರೆಯನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದು ತೋರಿಸಿದವಳು ನಾನು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಅಮ್ಮನಿಗೆ ತನ್ನದೇ ಮೈಯ ಸುದ್ದಿ ಇಂಗ್ಲಿಷಿನಲ್ಲಿ ಬರುತ್ತದೆ. "ನನ್ನ ತೋಳಿನ ವಿಷಯ ನನಗಿಂತ ಮೊದಲು ನಿನಗೆ ಗೊತ್ತಾಗುತ್ತದಲ್ಲ" ಎಂದಳು ಒಮ್ಮೆ. ಆ ಮಾತು ಇನ್ನೂ ಚುಚ್ಚುತ್ತಿದೆ.

2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಎರಡು ವಾರಕ್ಕೊಮ್ಮೆ ಸಾವಿರಾರು ರೂಪಾಯಿ ಕೊಟ್ಟು ಬಿಲ್ಲೆ ಬದಲಿಸುವುದು ಅವರಲ್ಲಿ ಎಷ್ಟು ಜನರಿಗೆ ಸಾಧ್ಯ? ಅದಕ್ಕೇ ನನಗೆ ಇನ್ನೊಂದು ದಾರಿಯ ಮೇಲೆ ಹೆಚ್ಚು ಆಸೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ಟರ ತಂಡದ ಸಂಶೋಧನೆಯಿಂದ ಹುಟ್ಟಿದ ಪಾತ್‌ಶೋಧ್ ಕಂಪನಿಯ ಪುಟ್ಟ ಯಂತ್ರ, ಸಕ್ಕರೆಯ ಜೊತೆಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಕೈಯಳತೆಯಲ್ಲೇ ಮಾಡುತ್ತದೆ. ಇಂಥವು ಊರೂರಿನ ಆರೋಗ್ಯ ಕೇಂದ್ರದಲ್ಲಿರಬೇಕು. ಅಂಕಿ ಕನ್ನಡದಲ್ಲಿ ಮೊದಲು ರೋಗಿಗೆ, ಆಮೇಲೆ ನಡೆದು ಬರಬಲ್ಲ ದೂರದಲ್ಲಿರುವ ಆಶಾ ಕಾರ್ಯಕರ್ತೆಗೆ ಸಿಗಬೇಕು. ಪಟ್ಟಣದ ಮಕ್ಕಳ ಸರದಿ ಅದಾದ ಮೇಲೆ.

ಈ ಸಲ ಬಿಲ್ಲೆಯನ್ನು ಬಲತೋಳಿಗೆ ಹಾಕಿಸಿದ್ದೇವೆ. ರಾತ್ರಿಯ ಎಚ್ಚರಿಕೆ ಪಕ್ಕದ ಮನೆಯ ಚಿಕ್ಕಮ್ಮನ ಮೊಬೈಲಿಗೂ ಹೋಗುತ್ತದೆ. ಅವರ ಬಳಿ ನಮ್ಮ ಮನೆಯ ಇನ್ನೊಂದು ಬೀಗದ ಕೈ ಇದೆ.