ಮೆಂಬರ್‌ಗಿರಿ ಮುಗಿಯಿತು, ಫೋನ್ ನಂಬರ್ ಉಳಿಯಿತು

ಪಂಚಾಯಿತಿ ಮೆಂಬರ್‌ಗಳ ತರಬೇತಿ ಅಂದ ಕೂಡಲೇ "ಸುಮ್ನೆ ದುಡ್ಡು ದಂಡ, ಊಟ ಮಾಡಿ ಬರ್ತಾರೆ" ಅನ್ನುವವರೇ ಜಾಸ್ತಿ. ಒಂದು ಅವಧಿಗೆ ಮೆಂಬರ್ ಆಗಿದ್ದವಳು ನಾನು. ನನ್ನ ಕೇಳಿದರೆ ಆ ಊಟದ ಹೊತ್ತೇ ಅಸಲಿ ತರಬೇತಿ.

ಸ್ಥಾಯಿ ಸಮಿತಿ, ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಎಲ್ಲ ಪಾಠ ಮಾಡಿದರು, ಪುಸ್ತಕವನ್ನೂ ಕೊಟ್ಟರು. ಆದರೆ ನನಗೆ ಉಪಯೋಗಕ್ಕೆ ಬಂದದ್ದು ಬೇರೆ ಪಂಚಾಯಿತಿಯ ಅಕ್ಕ ಒಬ್ಬರು ಟೀ ಕುಡಿಯುತ್ತಾ ಹೇಳಿದ ಮಾತು. "ಸಭೆಯ ನಡಾವಳಿ ಪುಸ್ತಕದಲ್ಲಿ ಸಹಿ ಹಾಕೋದರ ಮೇಲೆ ಜಾಗ ಖಾಲಿ ಬಿಟ್ಟಿರ್ತಾರೆ, ನೋಡ್ಕೊಳಿ. ಅಲ್ಲಿ ಗೆರೆ ಎಳೆದು ಆಮೇಲೆ ಸಹಿ ಹಾಕಿ." ಮುಂದಿನ ಸಭೆಯಲ್ಲಿ ಪುಸ್ತಕ ಬಂತು. ನಾಲ್ಕು ಬೆರಳು ಜಾಗ ಖಾಲಿ! ಅಲ್ಲಿ ಯಾವ ಠರಾವು ಬಂದು ಕೂರುತ್ತಿತ್ತೋ ದೇವರೇ ಬಲ್ಲ. ಗೆರೆ ಎಳೆದೆ. ಕೆಲವರ ಮುಖ ಸಪ್ಪಗಾಯಿತು.

ಕರ್ನಾಟಕದಲ್ಲಿ 1983ರ ಪಂಚಾಯಿತಿ ಕಾಯ್ದೆಯಲ್ಲೇ ಹೆಂಗಸರಿಗೆ ಶೇ. 25 ಮೀಸಲಾತಿ ಇತ್ತು. ಅದರ ಹಿಂದೆ ನಿಂತಿದ್ದವರು ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್. ಮೈಸೂರಿನ ತರಬೇತಿ ಸಂಸ್ಥೆಗೆ ಅವರದೇ ಹೆಸರು. ಈಗ ಮೀಸಲಾತಿ ಶೇ. 50. ಆದರೆ ಸೀಟು ರೊಟೇಷನ್ ಆಗುತ್ತೆ ಅಲ್ವಾ? ಐದು ವರ್ಷದಲ್ಲಿ ಕೆಲಸ ಕೈಗೆ ಹತ್ತುವ ಹೊತ್ತಿಗೆ ವಾರ್ಡು ಬೇರೆ ವರ್ಗಕ್ಕೆ ಹೋಗಿರುತ್ತೆ. ನಾವು ವಾಪಸ್ ಮನೆಗೆ.

ಈಗ ಆ ಅಕ್ಕನೂ ಮಾಜಿ, ನಾನೂ ಮಾಜಿ. ಆದರೂ ನಮ್ಮ ಬೀದಿಯ ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಹಣ ನಿಂತಾಗ ನಾನು ಮೊದಲು ಫೋನ್ ಮಾಡಿದ್ದು ಅವರಿಗೇ. "ಖಾತೆಗೆ ಆಧಾರ್ ಲಿಂಕ್ ಆಗಿದೆಯಾ ನೋಡ್ರಿ, ಆಮೇಲೆ ನಾಡಕಚೇರಿಗೆ ಹೋಗಿ" ಅಂದರು. ಅಷ್ಟೇ ಆಗಿತ್ತು ತೊಂದರೆ. ಅವರ ಜಾತಿ ಬೇರೆ, ಪಕ್ಷವೂ ಬೇರೆ. (ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷ ಇಲ್ಲ ಅನ್ನೋದು ಕಾಗದದ ಮೇಲಷ್ಟೇ, ನಿಮಗೂ ಗೊತ್ತು.) ತರಬೇತಿಯಲ್ಲಿ ಒಂದೇ ರೂಮಿನಲ್ಲಿ ಚಾಪೆ ಹಾಸಿ ಮಲಗದೇ ಇದ್ದಿದ್ದರೆ ನಾವಿಬ್ಬರೂ ಮಾತಾಡುತ್ತಲೇ ಇರಲಿಲ್ಲ.

ಅದಕ್ಕೇ ಹೇಳುವುದು, ತಾಲ್ಲೂಕು ಕಚೇರಿಯಲ್ಲಿ ಟಿವಿ ಪರದೆ ಮುಂದೆ ಅರ್ಧ ದಿನ ಕೂರಿಸಿ ಕಳಿಸುವುದು ಸಾಲದು. ರಾತ್ರಿ ಉಳಿಯುವ ತರಬೇತಿ ಕೊಡಿ. ಎಲ್ಲರನ್ನೂ ಅವರವರ ಊರಿನವರ ಜೊತೆಗೇ ಕೂರಿಸಬೇಡಿ, ಬೆರೆಸಿ. ಮಾಜಿಗಳನ್ನೂ ನಾಲ್ಕು ಜನ ಕರೀರಿ, ಭಾಷಣಕ್ಕಲ್ಲ, ಟೀ ಹೊತ್ತಿಗೆ. ಇನ್ನು ಹೆಂಡತಿ ಬದಲು ತಾವೇ ಮೆಂಬರ್ ಅಂದುಕೊಂಡಿರುವ ಯಜಮಾನರು ಗೇಟಿನ ಆಚೆ ಬೈಕ್ ಮೇಲೆ ಕೂತು ಕಾಯಲಿ.